ಸೆಟ್ಟಿಂಗ್ಸ್ ತೆಗೆದ ಅಮಾವಾಸ್ಯೆ

ನ್ಯಾಮತಿ ತಾಲ್ಲೂಕಾದ ಮೇಲೆ ನಮ್ಮೂರಲ್ಲಿ ಎಲ್ಲರಿಗೂ ಇದ್ದಕ್ಕಿದ್ದಂತೆ ಕಂಪ್ಯೂಟರ್ ಬೇಕಾಯಿತು. ಕೆಲಸಕ್ಕೆ ಅರ್ಜಿ ಹಾಕುವ ಹುಡುಗಿಯರು, ಇಲಾಖೆ ಪರೀಕ್ಷೆ ಕಟ್ಟುವ ಗುಮಾಸ್ತರು, ಮಕ್ಕಳ ಮುಂದೆ ದಡ್ಡರಾಗಬಾರದು ಎಂದುಕೊಂಡ ತಾಯಂದಿರು, ಎಲ್ಲರೂ ಒಟ್ಟಿಗೇ ಕಲಿಯಲು ಹೊರಟರು. ಬಸ್ ಸ್ಟ್ಯಾಂಡ್ ಹತ್ತಿರ ಗೊಬ್ಬರದ ಅಂಗಡಿಯ ಮೇಲಿನ ಮಹಡಿ ಬಾಡಿಗೆಗೆ ಹಿಡಿದು ನಾನು ಕ್ಲಾಸ್ ಶುರು ಮಾಡಿದ್ದು ಆ ಹೊತ್ತಿನಲ್ಲಿ. ಆರು ಕಂಪ್ಯೂಟರ್, ಎಲ್ಲವೂ ಹಳೆಯವು. ಚನ್ನಗಿರಿಯಲ್ಲಿ ಸೆಕೆಂಡ್ ಹ್ಯಾಂಡ್ ಮಾಲು ರಿಪೇರಿ ಮಾಡಿ ಮಾರುವ ಒಬ್ಬರಿದ್ದಾರೆ. ಯಾವುದೋ ಅಡಿಕೆ ಮಂಡಿಯಲ್ಲಿ ದುಡಿದು ದಣಿದಿದ್ದ ಆ ಪೆಟ್ಟಿಗೆಗಳನ್ನು ಒರೆಸಿ, ಒಳಗೆ ಮಷೀನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಕೊಟ್ಟವರು ಅವರೇ.

"ಹಳೇ ಮಷೀನಿಗೆ ಇದೇ ಸರಿ ಮೇಡಂ. ಒಂದಿಷ್ಟು ದಿನ ಹೊಸದು ಅನ್ನಿಸ್ತೈತೆ, ಆಮೇಲೆ ಕೈಗೆ ಹತ್ತಿಬಿಡ್ತೈತೆ" ಎಂದಿದ್ದರು.

ಹತ್ತಿತು. ಆದರೆ ನನಗಿಂತ ಚೆನ್ನಾಗಿ ಹತ್ತಿದ್ದು ನಮ್ಮ ಅತ್ತೆಗೆ.

ಅತ್ತೆ ಜಗಳೂರು ಕಡೆಯವರು. ಅಲ್ಲಿ ಮಾವ ಹೊಲ ನೋಡಿಕೊಳ್ಳುತ್ತಾರೆ, ಮೈದುನ ಪೇಟೆಯಲ್ಲಿ ಮೋಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ದಾವಣಗೆರೆಯಲ್ಲಿ ಒಂದರ ಹಿಂದೊಂದು ಆಪರೇಷನ್ ಆಯಿತು. ಊರಲ್ಲಿ ಮೆಕ್ಕೆಜೋಳ ಬಿಡಿಸುವ ಕಾಲ. ಆ ಧೂಳಿಗೆ ಕಣ್ಣು ಒಡ್ಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಮ್ಮ ಮನೆಯವರು ಅವರನ್ನು ನ್ಯಾಮತಿಗೆ ಕರೆದುಕೊಂಡು ಬಂದರು.

ಕಪ್ಪು ಕನ್ನಡಕ ತೆಗೆಯಬಹುದು ಎಂದು ಹೇಳಿದ ದಿನ ನೋಡಬೇಕಿತ್ತು ಅವರನ್ನು. ಬಾಗಿಲಲ್ಲಿ ನಿಂತು ಎದುರು ಮನೆಯ ಗೋಡೆಗೆ ಬಳಿದ ಬಣ್ಣ ನೋಡಿದರು, ಸೀರೆಯ ಅಂಚು ನೋಡಿಕೊಂಡರು, ತಟ್ಟೆಯಲ್ಲಿದ್ದ ಅವಲಕ್ಕಿಯ ಒಗ್ಗರಣೆ ಸಾಸಿವೆ ನೋಡಿದರು. "ಇಷ್ಟು ದಿನ ಎಲ್ಲದಕ್ಕೂ ಯಾರೋ ಎಣ್ಣೆ ಕಾಗದ ಹೊದಿಸಿದ್ದಂಗೆ ಇತ್ತು ಕಣವ್ವ" ಎಂದರು. ಬೀದಿಗೆ ಬಂದರೆ ಹಾದುಹೋಗುವ ಬಸ್ಸಿನ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವರು. ಏಳನೇ ತರಗತಿವರೆಗೆ ಓದಿದವರು. ಆಮೇಲೆ ಅಕ್ಷರದ ಜೊತೆ ಹೆಚ್ಚು ಒಡನಾಟ ಇರಲಿಲ್ಲ. ಈಗ ಅದನ್ನೆಲ್ಲ ಒಂದೇ ತಿಂಗಳಲ್ಲಿ ತೀರಿಸಿಕೊಳ್ಳುವವರ ಹಾಗೆ ಕಂಡದ್ದನ್ನೆಲ್ಲ ಓದತೊಡಗಿದರು.

ಮನೆಯಲ್ಲಿ ಒಬ್ಬರೇ ಕೂರುವುದು ಬೇಡ ಎಂದು ನಾನು ಅವರನ್ನು ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದೆ. ಬೆಳಗಿನ ಬ್ಯಾಚು ಮುಗಿದು ಸಂಜೆಯ ಬ್ಯಾಚು ಬರುವವರೆಗೆ ಮಧ್ಯಾಹ್ನ ಮಷೀನುಗಳೆಲ್ಲ ಖಾಲಿ. ಕನ್ನಡ ಟೈಪ್ ಮಾಡುವುದು ಹೇಗೆಂದು ತೋರಿಸಿಕೊಟ್ಟೆ. ತಮ್ಮ ಹೆಸರು ಟೈಪ್ ಮಾಡಿದರು, ಊರ ಹೆಸರು ಮಾಡಿದರು, ಎತ್ತುಗಳ ಹೆಸರೂ ಆಯಿತು. ಅವರು ಅಷ್ಟು ಆಸೆಯಿಂದ ಕೂತಿರುವುದನ್ನು ನೋಡಿ ನಾನು ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ ಸ್ವಲ್ಪ ಹೊತ್ತು ಮಲಗುವುದನ್ನು ರೂಢಿ ಮಾಡಿಕೊಂಡೆ.

ವಿಚಿತ್ರಗಳು ಶುರುವಾದದ್ದು ಆಮೇಲೆ.

ಒಂದು ಸಂಜೆ ಎರಡನೇ ಮಷೀನಿನಲ್ಲಿ ವಿಂಡೋ ಮುಚ್ಚುವ ಗುಂಡಿ ಬಲಗಡೆಯಿಂದ ಎಡಗಡೆಗೆ ಹೋಗಿ ಕೂತಿತ್ತು. ಮರುದಿನ ನಾಲ್ಕನೆಯದರಲ್ಲಿ ಅಕ್ಷರಗಳು ಕುಂಬಳಕಾಯಿ ಗಾತ್ರ ಆಗಿ, ಅರ್ಧ ಮೆನು ಪರದೆಯಿಂದ ಆಚೆ ಬಿದ್ದಿತ್ತು. ಇನ್ನೊಂದರಲ್ಲಿ ಫೋಲ್ಡರುಗಳೆಲ್ಲ ಅರಿಶಿನ ಬಣ್ಣ. ಎಲ್ಲಕ್ಕಿಂತ ಫಜೀತಿಯೆಂದರೆ ಒಂದು ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಕೀಲಿ ಬೇರೆ ಏನೋ ಆಗಿಬಿಟ್ಟು, ಗುಮಾಸ್ತರೊಬ್ಬರು ಅರ್ಧ ಗಂಟೆ ಪಾಸ್‌ವರ್ಡ್ ಜೊತೆ ಗುದ್ದಾಡಿ ಬೆವೆತರು. "ಮೇಲೆ ಬಲಗಡೆ ಒತ್ತಿ" ಎಂದು ನಾನು ಹೇಳಿದರೆ ಒಬ್ಬೊಬ್ಬರ ಬಲಗಡೆ ಒಂದೊಂದು ಇರುತ್ತಿತ್ತು.

ಸಂಜೆ ಬ್ಯಾಚಿನ ಹುಡುಗಿಯರನ್ನು ಗದರಿದೆ. ಅವರು ಬೆಳಗಿನವರ ಮೇಲೆ ಹಾಕಿದರು. ಬೆಳಗಿನ ಗುಮಾಸ್ತರು "ನಮಗೆ ಮೌಸ್ ಹಿಡಿಯಾಕೇ ಕೈ ನಡುಗ್ತೈತೆ, ಇದೆಲ್ಲಾ ನಾವೆಲ್ಲಿ ಮಾಡಾನ ಮೇಡಂ?" ಎಂದರು. ಅವರ ಮಾತು ನಿಜ ಎನ್ನಿಸಿತು.

ಒಂದು ಮಧ್ಯಾಹ್ನ ಚಾಪೆಯ ಮೇಲೆ ನಿದ್ದೆ ಹತ್ತಲಿಲ್ಲ. ನೀರು ಕುಡಿಯಲು ಎದ್ದು ಬಂದೆ. ಅತ್ತೆ ಐದನೇ ಮಷೀನಿನ ಮುಂದೆ ಕೂತಿದ್ದರು. ಪರದೆ ಮೇಲೆ ಒಂದು ವಿಂಡೋ ತೆರೆದಿತ್ತು. ಎಡಗಡೆ ಸಾಲಾಗಿ ಹೆಸರುಗಳು, ಬಲಗಡೆ ಆನ್ ಆಫ್ ಮಾಡುವ ಸ್ವಿಚ್ಚುಗಳು. ಅವರು ಒಂದನ್ನು ಆನ್ ಮಾಡುವರು, ಪರದೆಯನ್ನು ಪೂರ್ತಿ ಒಮ್ಮೆ ನೋಡುವರು, ನಗುವರು. ಮತ್ತೆ ಮುಂದಿನದು.

"ಅತ್ತೆ, ಏನ್ ಮಾಡ್ತಿದೀರಿ?"

ಬೆಚ್ಚಲೂ ಇಲ್ಲ ಅವರು. "ಬಾ ಬಾ, ನೋಡು. ಈ ಬಾಣ ಐತಲ್ಲ, ಅದನ್ನ ಇಷ್ಟು ದಪ್ಪ ಮಾಡ್ಬಹುದು!"

"ಇಷ್ಟು ದಿನ ಇದನ್ನೆಲ್ಲಾ ಮಾಡಿದ್ದು ನೀವಾ?"

"ಹೂಂ ಮತ್ತೆ. ದಿನಾ ಒಂದೊಂದನ್ನ ಚಂದ ಮಾಡ್ತೀನಿ. ಒಂದಕ್ಕೇ ಮಾಡಿದ್ರೆ ಉಳಿದವು ಬೇಜಾರಾಗಲ್ವಾ?"

ನನಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಹುಡುಗಿಯರನ್ನು ಗದರಿದ್ದು ನೆನಪಾಗಿ ನಗು ನಿಂತಿತು. ಅವರಿಗೆ ಸಿಕ್ಕಿದ್ದು ಟ್ವೀಕ್ಸ್ ಎನ್ನುವ ಒಂದು ಟೂಲು. ಕಂಪ್ಯೂಟರಿನ ಮಾಮೂಲಿ ಸೆಟ್ಟಿಂಗ್ಸ್‌ನಲ್ಲಿ ಕಾಣದ ಸಣ್ಣಪುಟ್ಟದ್ದನ್ನೆಲ್ಲ ಬದಲಿಸುವುದಕ್ಕೆ ಇರುವಂಥದ್ದು. ಅಕ್ಷರ, ಬಣ್ಣ, ಗುಂಡಿ, ಕೀಲಿ, ಎಲ್ಲದಕ್ಕೂ ಅದರಲ್ಲಿ ಒಂದೊಂದು ಸ್ವಿಚ್ಚು. ಚನ್ನಗಿರಿಯವರು ಲಿನಕ್ಸ್ ಹಾಕುವಾಗ ಅದನ್ನೂ ಹಾಕಿ ಕೊಟ್ಟಿದ್ದರು. ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ.

"ಇದನ್ನ ತೆಗೆದುಬಿಡ್ತೀನಿ ಅತ್ತೆ. ಕ್ಲಾಸಿನಾಗೆ ಎಲ್ಲಾ ಮಷೀನು ಒಂದೇ ಥರ ಇರ್ಬೇಕು" ಎಂದೆ.

ಅವರ ಮುಖ ಸಣ್ಣದಾಯಿತು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ.

"ತೆಗೆಯಾಕೂ ಬರ್ತೈತಾ? ಹೆಂಗೆ ತೆಗೀತಾರೆ? ನಾನೂ ನೋಡ್ತೀನಿ!"

ಹೇಗೆ ತೆಗೆಯುತ್ತಾರೋ ನನಗೂ ಗೊತ್ತಿರಲಿಲ್ಲ. ಚನ್ನಗಿರಿಗೆ ಫೋನ್ ಮಾಡಿದೆ. ಅಂಗಡಿಯವರು ಟರ್ಮಿನಲ್ ತೆರೆಯಲು ಹೇಳಿದರು. ಚಿತ್ರವಿಲ್ಲ, ಗುಂಡಿಯಿಲ್ಲ, ಖಾಲಿ ಪರದೆಯಲ್ಲಿ ಮಾತನ್ನು ಟೈಪ್ ಮಾಡಿ ಕಂಪ್ಯೂಟರಿಗೆ ಕೆಲಸ ಹೇಳುವ ಜಾಗ ಅದು. ಕ್ಲಾಸ್ ನಡೆಸುವವಳಾಗಿಯೂ ನಾನು ಅದರ ಹತ್ತಿರ ಹೋದವಳಲ್ಲ. ಬರೆಯಬೇಕಾದ ಸಾಲನ್ನು ಅವರು ವಾಟ್ಸಾಪಿನಲ್ಲಿ ಕಳಿಸಿದರು. "ಟ್ವೀಕ್ಸ್ ಒಂದನ್ನೇ ತೆಗೀರಿ ಮೇಡಂ. ಬ್ಯಾರೆ ಯಾವುದಕ್ಕೂ ಕೈ ಹಾಕಬ್ಯಾಡ್ರಿ" ಎಂದೂ ಹೇಳಿದರು.

ನಮ್ಮ ಕ್ಲಾಸಿಗೆ ಅಮಾವಾಸ್ಯೆ ದಿನ ರಜೆ. ಬೆಳಿಗ್ಗೆ ಕಸ ಗುಡಿಸಿ, ಮಷೀನುಗಳಿಗೆ ಊದುಬತ್ತಿ ಬೆಳಗಿ, ಕಾಯಿ ಒಡೆದು, ಅತ್ತೆಯೂ ನಾನೂ ಮೂಲೆಯ ಆರನೇ ಮಷೀನಿನ ಮುಂದೆ ಕೂತೆವು. ಅದರಲ್ಲಿ ಆಗಿದ್ದ ಅಲಂಕಾರವೇ ಹೆಚ್ಚು. ದಪ್ಪ ಅಕ್ಷರ, ಎಡಗಡೆ ಗುಂಡಿ, ಅರಿಶಿನ ಬಣ್ಣದ ಫೋಲ್ಡರು, ಹಿನ್ನೆಲೆಗೆ ಸೂರ್ಯಕಾಂತಿ ಹೂವಿನ ಚಿತ್ರ. ಮೊದಲು ಇಲ್ಲಿ ತೆಗೆದು ನೋಡೋಣ, ಆಮೇಲೆ ಉಳಿದವು ಎಂದುಕೊಂಡೆ.

ಟರ್ಮಿನಲ್ ತೆರೆದೆ. ಒಂದೊಂದೇ ಅಕ್ಷರ ನೋಡಿ ನೋಡಿ ಆ ಸಾಲನ್ನು ಟೈಪ್ ಮಾಡಿದೆ. ಎಂಟರ್ ಒತ್ತಿದರೆ ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದೆ, ಪರದೆಯಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ.

"ಕೀಬೋರ್ಡ್ ಕೆಟ್ಟೋಯ್ತು" ಎಂದರು ಅತ್ತೆ.

"ಇಲ್ಲ, ಯಾರೂ ನೋಡಬಾರದು ಅಂತ ತೋರ್ಸಲ್ವಂತೆ."

"ಹೌದಾ? ನಾವೇ ನೋಡಬಾರದಾ?"

ಇಂಥದ್ದನ್ನು ತೆಗೆಯುತ್ತೇನೆ, ಹೌದೋ ಅಲ್ಲವೋ ಎಂದು ಕಂಪ್ಯೂಟರ್ ಕೇಳಿತು. ವೈ ಅಕ್ಷರ ಒತ್ತಿ ಎಂಟರ್ ಹೊಡೆದೆ. ನಾಲ್ಕಾರು ಸಾಲು ಓಡಿದವು, ನಿಂತವು. ಅಷ್ಟೇ! ಮೆನು ತೆರೆದು ನೋಡಿದರೆ ಟ್ವೀಕ್ಸ್ ಇಲ್ಲ. ಹುಡುಕಿದೆ, ಇಲ್ಲ. ನಾನು ಬಾಯಿಂದ ಹೇಳಿದ್ದನ್ನು ಕೇಳಿದ ಹಾಗೆ ಕಂಪ್ಯೂಟರ್ ಕೇಳಿಬಿಟ್ಟಿತ್ತು. ಇಷ್ಟು ವರ್ಷ ಗುಂಡಿ ಹುಡುಕಿ ಹುಡುಕಿ ಒತ್ತಿದವಳು ನಾನು. ಮೊದಲ ಸಲ ಸೈಕಲ್ ಬ್ಯಾಲೆನ್ಸ್ ಸಿಕ್ಕಾಗ ಎದೆಯಲ್ಲಿ ಆದದ್ದೇ ಆಯಿತು. ಕುರ್ಚಿಯಿಂದ ಎದ್ದು ನಿಂತಿದ್ದೆ.

"ತೆಗೆದೆ ಅತ್ತೆ! ತೆಗೆದೇಬಿಟ್ಟೆ!"

ಅತ್ತೆ ಪರದೆ ನೋಡುತ್ತಿದ್ದರು. "ಏನ್ ತೆಗೆದೆ? ನಾನು ಮಾಡಿದ್ದು ಎಲ್ಲಾ ಹಂಗೇ ಐತಲ್ಲ."

ಹೌದು. ಅಕ್ಷರ ಹಾಗೇ ದಪ್ಪ. ಗುಂಡಿ ಹಾಗೇ ಎಡಗಡೆ. ಸೂರ್ಯಕಾಂತಿ ಹಾಗೇ ನಗುತ್ತಿತ್ತು. ಟೂಲು ಹೋದರೆ ಅದು ಮಾಡಿದ್ದೂ ಹೋಗುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಅಲ್ಲಿಗೆ ನಿಲ್ಲಿಸಿ ಫೋನ್ ಮಾಡಿದ್ದರೆ ಆಗುತ್ತಿತ್ತು. ಆದರೆ ನನಗೆ ಹುರುಪು ಏರಿತ್ತು. ಹೊಸದಾಗಿ ಕೈಗೆ ಬಂದ ವಿದ್ಯೆ, ಸುಮ್ಮನಿರಲು ಬಿಡಲಿಲ್ಲ. ಇನ್ನೂ ಎಲ್ಲೋ ಬೇರು ಉಳಿದಿದೆ ಎಂದುಕೊಂಡು ಮಷೀನಿನಲ್ಲಿ ಏನೇನಿದೆ ಎಂದು ಹುಡುಕಿದೆ. ಹೆಸರಲ್ಲಿ ಸೆಟ್ಟಿಂಗ್ಸ್ ಎಂದಿದ್ದ ಇನ್ನೊಂದು ಕಣ್ಣಿಗೆ ಬಿತ್ತು. ಇದೇ ಇರಬೇಕು! ಅದೇ ಸಾಲು, ಕೊನೆಯ ಹೆಸರು ಮಾತ್ರ ಬೇರೆ. ಈ ಸಲ ಕಂಪ್ಯೂಟರ್ ಒಂದು ಹೆಸರನ್ನಲ್ಲ, ಪರದೆ ತುಂಬ ಹೆಸರುಗಳನ್ನು ತೋರಿಸಿತು.

"ಇದೇನು ಮದುವೆ ಕರೆಯೋಲೆ ಥರ ಇಷ್ಟು ಉದ್ದ ಬಂತು?" ಎಂದರು ಅತ್ತೆ.

"ಅದೆಲ್ಲಾ ಇದ್ದಿದ್ದೇ ಬಿಡ್ರಿ" ಎಂದು ವೈ ಒತ್ತಿದೆ.

ಸಾಲುಗಳು ಓಡಿದವು, ಓಡುತ್ತಲೇ ಇದ್ದವು. ನಿಂತ ಮೇಲೆ ಮಷೀನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಸೂರ್ಯಕಾಂತಿ ಬರಲಿಲ್ಲ. ಬಾಣ ಬರಲಿಲ್ಲ. ಕಪ್ಪು ಪರದೆ, ಮೇಲೆ ಮೂಲೆಯಲ್ಲಿ ಬಿಳಿ ಅಕ್ಷರದ ಒಂದೂವರೆ ಸಾಲು, ಪಕ್ಕದಲ್ಲಿ ಮಿಣುಕುವ ಒಂದು ಗೆರೆ. ಮೌಸ್ ಅಲ್ಲಾಡಿಸಿದೆ, ಅಲ್ಲಾಡಿಸಿಯೇ ಅಲ್ಲಾಡಿಸಿದೆ.

"ಈಗ ತೆಗೆದೆ ನೋಡು" ಎಂದರು ಅತ್ತೆ ನಿಧಾನವಾಗಿ.

ಮರುದಿನ ಬೆಳಿಗ್ಗೆ ಗುಮಾಸ್ತರ ಬ್ಯಾಚಿಗೆ ಅಣಕು ಪರೀಕ್ಷೆ ಇಟ್ಟುಕೊಂಡಿದ್ದೆ. ಆರು ಜನಕ್ಕೆ ಆರು ಮಷೀನು ಬೇಕೇ ಬೇಕು. ಚನ್ನಗಿರಿಗೆ ಫೋನ್ ಹಚ್ಚಿ ಪೂರ್ತಿ ಹೇಳಿದೆ. ಅವರು ನಕ್ಕರು. ಕೆಟ್ಟ ನಗುವಲ್ಲ.

"ಪರದೆ ಮೇಲೆ ಚಿತ್ರ, ಮೆನು ತೋರ್ಸೋ ಡೆಸ್ಕ್‌ಟಾಪೇ ಹೋಗೈತೆ ಮೇಡಂ. ನೀವು ಟೂಲ್ ತೆಗೆಯಾಕೆ ಹೋಗಿ, ಎಲ್ಲದಕ್ಕೂ ಬೇಕಾಗಿದ್ದ ಒಂದನ್ನ ತೆಗೆದ್ರಿ. ಅದನ್ನ ನಂಬಿಕೊಂಡಿದ್ದವೆಲ್ಲಾ ಅದರ ಹಿಂದೇ ಹೋದವು. ವಾಪಸ್ ಹಾಕಬಹುದು. ನೆಟ್ ಹೆಂಗೆ ಐತೆ ನಿಮ್ಮಲ್ಲಿ?"

"ಮೊಬೈಲ್ ಹಾಟ್‌ಸ್ಪಾಟ್."

"ಆ ಕಪ್ಪು ಪರದೇಲಿ ಅದನ್ನ ಹಚ್ಚೋದು ಹೆಂಗೆ ಅಂತ ಫೋನಲ್ಲಿ ಹೇಳೋದು ಕಷ್ಟ. ಸಿಪಿಯು ಎತ್ಕೊಂಡು ಬನ್ರಿ. ಸಂಜೆ ತನಕ ಅಂಗಡಿಯಾಗೆ ಇರ್ತೀನಿ. ಮಾನಿಟರ್ ಬ್ಯಾಡ."

ಅತ್ತೆ ಅಷ್ಟರಲ್ಲೇ ಮನೆಗೆ ಹೋಗಿ ಹಳೆಯ ದುಪ್ಪಟಿ ತಂದಿದ್ದರು. ಸಿಪಿಯು ಪೆಟ್ಟಿಗೆಯನ್ನು ಅದರಲ್ಲಿ ಸುತ್ತಿ ಗಂಟು ಹಾಕಿದರು. ನೀವು ಮನೆಯಲ್ಲಿರಿ ಎಂದರೆ ಕೇಳಲಿಲ್ಲ. "ನಾನು ಮಾಡಿದ್ದಕ್ಕೆ ತಾನೇ ಇಷ್ಟೆಲ್ಲಾ ಆಗಿದ್ದು. ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು. ತಪ್ಪು ಮಾಡಿದವರ ಮುಖವಾಗಿರಲಿಲ್ಲ ಅದು. ಪ್ರವಾಸ ಹೊರಟವರ ಮುಖ.

ಹೊನ್ನಾಳಿ ಬಸ್ಸಿನಲ್ಲಿ ಸೀಟು ಸಿಕ್ಕಿತು. ಗಂಟನ್ನು ಅತ್ತೆ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕೂತರು. ಕಂಡಕ್ಟರ್ ಗಂಟಿನ ಕಡೆ ನೋಡಿದ.

"ಏನ್ ಅಜ್ಜಿ ಇದು? ಲಗೇಜ್ ಹಾಕ್ಬೇಕಾಗ್ತೈತೆ."

"ತೊಡೆ ಮೇಲೆ ಕೂತೈತಪ್ಪ, ಇದೆಂಥಾ ಲಗೇಜು? ಮಗೂಗೆ ಹಾಕ್ತೀಯಾ?"

ಕಂಡಕ್ಟರ್ ನಗುತ್ತ ಮುಂದೆ ಹೋದ. ಪಕ್ಕದ ಸೀಟಿನ ಹೆಂಗಸಿಗೆ ಕುತೂಹಲ ತಡೆಯಲಾಗಲಿಲ್ಲ. "ಗ್ರೈಂಡರ್ರಾ?" ಎಂದು ಕೇಳಿದರು.

"ಕಂಪ್ಯೂಟರು. ನನ್ನ ಸೊಸೆ ಅದ್ರಾಗಿಂದ ಸೆಟ್ಟಿಂಗ್ಸ್ ತೆಗೆಯಾಕೆ ಹೋಗಿ ಎಲ್ಲಾ ತೆಗೆದುಬಿಟ್ಲು" ಎಂದರು ಅತ್ತೆ, ಅರ್ಧ ಬಸ್ಸಿಗೆ ಕೇಳುವ ಹಾಗೆ.

"ಅಮಾಸೆ ದಿನ ಯಾಕೆ ಕೈ ಹಚ್ಚಿದ್ರಿ? ಯಾರಾದ್ರೂ ಅಮಾಸೆ ದಿನ ಹೊಸ ಕೆಲ್ಸ ಮಾಡ್ತಾರಾ?"

"ಹಾಕಿದ್ರೆ ಹೊಸ ಕೆಲ್ಸ. ನಾವು ತೆಗೆದಿದ್ದು ಕಣ್ರೀ."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನಾಚಿಕೆ ಒಂದು ಕಡೆ, ಹೆದರಿಕೆ ಒಂದು ಕಡೆ. ಎರಡರ ಕೆಳಗೆ ಇನ್ನೊಂದು ಇತ್ತು, ಅದನ್ನು ಒಪ್ಪಿಕೊಳ್ಳಲು ಸಂಕೋಚ. ಖುಷಿ! ಕಂಪ್ಯೂಟರನ್ನು ನಾನು ಅಷ್ಟು ಒಳಗಿನಿಂದ ಮುಟ್ಟಿದ್ದು ಅದೇ ಮೊದಲು. ಕೆಡಿಸುವಷ್ಟು ಹತ್ತಿರ ಹೋಗಿದ್ದೆ.

ನಮ್ಮ ಮನೆಯವರು ಹೊನ್ನಾಳಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಫೋನ್ ಮಾಡಿದ್ದಕ್ಕೆ ಬಸ್ ಸ್ಟ್ಯಾಂಡಿಗೆ ಬಂದು ನಿಂತಿದ್ದರು, ಕೈಯಲ್ಲಿ ಕಾಗದದ ಪೊಟ್ಟಣ, ಅದರಲ್ಲಿ ಖಾರ ಮಂಡಕ್ಕಿ, ಬಿಸಿ ಮಿರ್ಚಿ. ಗಂಟನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಚನ್ನಗಿರಿ ಬಸ್ಸಿಗೆ ಹತ್ತಿಸಿದರು. "ಏನಾಯ್ತು ಅಂತ ಸರಿಯಾಗಿ ಹೇಳು" ಎಂದು ನನ್ನನ್ನು ಕೇಳಿದರೆ ಅತ್ತೆಯೇ ಉತ್ತರ ಕೊಟ್ಟರು. "ನಿಂಗೆ ಹೇಳಿದ್ರೆ ತಿಳಿಯಲ್ಲ. ಒಂದನ್ನೊಂದು ನಂಬಿಕೊಂಡು ಇರ್ತಾವಂತೆ ಅದ್ರಾಗೆ." ಬಸ್ಸು ಹೊರಟಿತು. ಅವರು ಅಲ್ಲೇ ನಿಂತು ಅಮ್ಮನನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದರು.

ಚನ್ನಗಿರಿಯಲ್ಲಿ ಆ ಅಂಗಡಿ ಮಂಡಿಗಳಿರುವ ಬೀದಿಯ ಪಕ್ಕದ ಓಣಿಯಲ್ಲಿದೆ. ಅಡಿಕೆ ಮೂಟೆ ಇಳಿಸುತ್ತಿದ್ದ ಗಾಡಿಯೊಂದು ಓಣಿಗೆ ಅಡ್ಡ ನಿಂತಿತ್ತು. ಗಂಟನ್ನು ನಾನು ಒಂದು ಕಡೆ, ಅತ್ತೆ ಒಂದು ಕಡೆ ಹಿಡಿದು ಗಾಡಿಯ ಪಕ್ಕ ನುಸುಳಿಕೊಂಡು ಒಳಗೆ ಹೋದೆವು. ಅಂಗಡಿಯವರು ಅತ್ತೆಗೆ ಕುರ್ಚಿ ಹಾಕಿದರು. ಸಿಪಿಯುಗೆ ತಮ್ಮ ಮಾನಿಟರು ಜೋಡಿಸಿದರು, ಗೋಡೆಯಿಂದ ಬಂದ ನೀಲಿ ಇಂಟರ್‌ನೆಟ್ ಕೇಬಲ್ ಹಿಂದೆ ಸಿಕ್ಕಿಸಿದರು. ಕೀಬೋರ್ಡನ್ನು ನನ್ನ ಕಡೆ ತಳ್ಳಿದರು.

"ನೀವೇ ಮಾಡ್ರಿ ಮೇಡಂ."

"ಅಯ್ಯೋ ನಾನಾ? ಇನ್ನೊಂದೇನಾದ್ರೂ ತೆಗೆದುಬಿಟ್ರೆ?"

"ತೆಗೆಯಾಕೆ ಇನ್ನೇನೂ ಉಳಿದಿಲ್ಲ, ಹೆದರಬ್ಯಾಡ್ರಿ."

ಅತ್ತೆ ಗಟ್ಟಿಯಾಗಿ ನಕ್ಕರು. ನನಗೂ ನಗು ಬಂತು. ಹೆಸರು, ಪಾಸ್‌ವರ್ಡು ಹೊಡೆದು ಒಳಗೆ ಹೋದೆ. ತೆಗೆಯುವ ಸಾಲಿನಲ್ಲಿ ರಿಮೂವ್ ಇದ್ದ ಕಡೆ ಈಗ ಇನ್‌ಸ್ಟಾಲ್. ಅವರು ಡೆಸ್ಕ್‌ಟಾಪಿನ ಹೆಸರು ಹೇಳಿದರು, ನಾನು ಟೈಪ್ ಮಾಡಿದೆ. ಮತ್ತೆ ಪರದೆ ತುಂಬ ಹೆಸರುಗಳು ಬಂದವು. ಈ ಸಲ ನಾನು ವೈ ಒತ್ತಲಿಲ್ಲ. ಮೇಲಿಂದ ಕೆಳಗೆ ಒಂದೊಂದೇ ಹೆಸರು ಓದಿದೆ. ಬೆಳಿಗ್ಗೆ ಹೋದ ಆ ಸೆಟ್ಟಿಂಗ್ಸ್ ಅಲ್ಲಿತ್ತು. ಟ್ವೀಕ್ಸ್ ಇರಲಿಲ್ಲ.

"ಈಗ ಸರಿ" ಎಂದರು ಅವರು. ಒತ್ತಿದೆ.

ಸಾಲುಗಳು ಓಡಲು ಶುರುವಾದವು. ಎಷ್ಟು ಹೊತ್ತು ಓಡಿದವೋ, ಚಹಾ ತರಿಸಿದರು, ಕುಡಿದು ಮುಗಿಸಿದೆವು, ಇನ್ನೂ ಓಡುತ್ತಿದ್ದವು. ಅತ್ತೆ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ನೋಡುವರು. ನಾನು ನನ್ನ ಬೆರಳುಗಳನ್ನು ಒಂದಕ್ಕೊಂದು ಹೆಣೆದು ಕೂತಿದ್ದೆ. ಕೊನೆಗೆ ಸಾಲು ನಿಂತಿತು. ಮಷೀನನ್ನು ಆಫ್ ಮಾಡಿ ಆನ್ ಮಾಡಿದೆ. ಕಪ್ಪು. ಇನ್ನೂ ಕಪ್ಪು. ಆಮೇಲೆ ಒಮ್ಮೆಲೇ ಬೆಳಕು, ಬಾಣ, ಹೆಸರು ಕೇಳುವ ಚೌಕ! ಒಳಗೆ ಹೋದರೆ ಪರದೆ ತುಂಬ ಸೂರ್ಯಕಾಂತಿ. ದಪ್ಪ ಅಕ್ಷರ. ಅರಿಶಿನ ಬಣ್ಣದ ಫೋಲ್ಡರು. ಗುಂಡಿ ಎಡಗಡೆ.

"ನಂದು! ನಾನು ಮಾಡಿದ್ದು ಒಂದೂ ಹೋಗಿಲ್ಲ!" ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಓಣಿಯಲ್ಲಿ ಮೂಟೆ ಹೊರುತ್ತಿದ್ದವರು ತಿರುಗಿ ನೋಡಿದರು.

"ಇದು ಹೆಂಗೆ?" ಎಂದೆ ನಾನು.

ಅಂಗಡಿಯವರು ಆಗ ಬಿಡಿಸಿ ಹೇಳಿದರು. ಟ್ವೀಕ್ಸ್ ಮಾಡುವುದು ನಮ್ಮ ಇಷ್ಟವನ್ನು ಕೇಳಿ ಬರೆದಿಡುವ ಕೆಲಸ ಮಾತ್ರ. ಬರೆದಿಟ್ಟದ್ದು ಬಳಸುವವರ ಖಾತೆಯೊಳಗೆ ಬೇರೆ ಕಡೆ ಕೂತಿರುತ್ತದೆ. ಟೂಲು ಹೋದರೂ ಅದು ಹೋಗುವುದಿಲ್ಲ, ಡೆಸ್ಕ್‌ಟಾಪೇ ಹೋಗಿ ಬಂದರೂ ಹೋಗುವುದಿಲ್ಲ. ಅದನ್ನು ಮೊದಲಿನ ಸ್ಥಿತಿಗೆ ತರಬೇಕಾದರೆ ರೀಸೆಟ್ ಮಾಡುವ ಇನ್ನೊಂದು ಸಾಲಿದೆ. ಆ ಸಾಲನ್ನು ಟೈಪ್ ಮಾಡಲು ಕೀಬೋರ್ಡಿನ ಮೇಲೆ ಬೆರಳು ಇಟ್ಟೆ. ಅತ್ತೆಯ ಮುಖ ಕಂಡಿತು. ಸೂರ್ಯಕಾಂತಿಯನ್ನು ನೋಡುತ್ತಿದ್ದರು, ಬಸ್ಸು ಬಿಡುವಾಗ ಊರ ಕಡೆ ನೋಡುವ ಹಾಗೆ. ನನ್ನ ಬೆರಳು ಓಡಲಿಲ್ಲ.

"ಖಾತೆ ಒಳಗೆ ಇರ್ತೈತೆ ಅಂದ್ರಲ್ಲ" ಎಂದು ಅಂಗಡಿಯವರನ್ನು ಕೇಳಿದೆ. "ಅತ್ತೆಗೆ ಬೇರೆ ಖಾತೆ ಮಾಡಿದ್ರೆ? ಅವರದು ಅವರಿಗೆ, ಕ್ಲಾಸಿಂದು ಕ್ಲಾಸಿಗೆ?"

ಅವರು ಹುಬ್ಬೇರಿಸಿದರು. "ಅದೇ ಸರಿ ಮೇಡಂ! ನನಗೇ ಹೊಳೀಲಿಲ್ಲ ನೋಡ್ರಿ."

ಅಲ್ಲೇ ಕೂತು ಅತ್ತೆಯ ಹೆಸರಲ್ಲಿ ಖಾತೆ ತೆರೆದೆ. ಅಕ್ಷರ ದಪ್ಪ ಮಾಡುವುದಕ್ಕೆ, ಬಣ್ಣ ಬದಲಿಸುವುದಕ್ಕೆ ಟೂಲೇ ಬೇಕೆಂದಿಲ್ಲ, ಒಂದೊಂದು ಸಾಲು ಟೈಪ್ ಮಾಡಿದರೂ ಆಗುತ್ತದೆ ಎಂದು ಅವರು ತೋರಿಸಿದರು. ಸೂರ್ಯಕಾಂತಿ, ಅರಿಶಿನ, ಎಡಗಡೆಯ ಗುಂಡಿ, ಎಲ್ಲವನ್ನೂ ಹೊಸ ಖಾತೆಗೆ ಸಾಗಿಸಿದೆವು. ಕ್ಲಾಸಿನ ಖಾತೆಯನ್ನು ರೀಸೆಟ್ ಮಾಡಿದೆ. ಅದು ಹೊಸ ಸ್ಲೇಟಿನ ಹಾಗೆ ಸಾದಾ ಆಯಿತು. ಪಾಸ್‌ವರ್ಡ್ ಏನಿಡಲಿ ಎಂದು ಕೇಳಿದರೆ ಅತ್ತೆ ನಮ್ಮಿಬ್ಬರನ್ನೂ ಆಚೆ ತಿರುಗಿ ನಿಲ್ಲಲು ಹೇಳಿದರು. ನಿಂತೆವು. ಒಂದೊಂದೇ ಬೆರಳಿನಲ್ಲಿ ನಿಧಾನವಾಗಿ ಒತ್ತುವ ಸದ್ದು ಕೇಳಿಸಿತು.

"ಆಯ್ತು. ಚುಕ್ಕೆ ಬಿದ್ದಾವೆ, ಅಕ್ಷರ ಕಾಣಲ್ಲ. ತಿರುಗ್ರಿ ಈಗ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಗಂಟಿನ ಮೇಲೆ ಬೆರಳುಗಳನ್ನು ಆಡಿಸುತ್ತಿದ್ದರು. ಏನು ಎಂದು ಕೇಳಿದರೆ ಟ್ವೀಕ್ಸ್ ತೆಗೆಯುವ ಸಾಲನ್ನು ಅಭ್ಯಾಸ ಮಾಡುತ್ತಿದ್ದೇನೆ ಎಂದರು. ಉಳಿದ ಐದು ಮಷೀನಿನಲ್ಲಿ ಟ್ವೀಕ್ಸ್ ಇನ್ನೂ ಇತ್ತಲ್ಲ.

ಮರುದಿನ ಗುಮಾಸ್ತರು ಬರುವ ಮೊದಲೇ ಹೋಗಿ ಬಾಗಿಲು ತೆಗೆದೆವು. ಮೊದಲನೇ ಮಷೀನಿನಲ್ಲಿ ನಾನು ಟೈಪ್ ಮಾಡಿದೆ. ಎರಡನೆಯದಕ್ಕೆ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿದರು. "ನಾನೇ ತೆಗೀತೀನಿ ತಡಿ. ನನಗೆ ಬರ್ತೈತೆ." ಇಂಗ್ಲಿಷ್ ಅಕ್ಷರಗಳನ್ನು ಕೀಬೋರ್ಡಿನಲ್ಲಿ ಹುಡುಕಿ ಹುಡುಕಿ, ಬಾಯಲ್ಲಿ "ಸುಡೊ… ಆಪ್ಟ್… ರಿಮೂವ್…" ಎಂದು ಹೇಳಿಕೊಳ್ಳುತ್ತ ಹೊಡೆದರು. ಒಂದು ಕಡೆ ಅಕ್ಷರ ತಪ್ಪಿತು, ಅಂಥದ್ದು ಇಲ್ಲ ಎಂದು ಕಂಪ್ಯೂಟರ್ ಹೇಳಿತು. "ಇಲ್ಲ ಅಂತೈತೆ, ಸುಳ್ಳುಬುರುಕ" ಎಂದು ಬೈದು ಮತ್ತೆ ಹೊಡೆದರು. ಹೌದೋ ಅಲ್ಲವೋ ಎಂದು ಕೇಳಿದಾಗ ಬೆರಳನ್ನು ವೈ ಮೇಲೆ ಹಿಡಿದು ನನ್ನ ಕಡೆ ತಿರುಗಿದರು. "ಒಂದೇ ಹೆಸರು ಐತೆ ನೋಡು. ಉದ್ದ ಬಂದಿಲ್ಲ. ಒತ್ಲಾ?"

"ಒತ್ರಿ ಅತ್ತೆ."

ಒತ್ತಿದರು. ಹೋಯಿತು. ಅವರ ಮುಖ ನೋಡಬೇಕಿತ್ತು. ಆ ಟೂಲನ್ನು ಅಷ್ಟು ಪ್ರೀತಿಸಿದ್ದವರು ಅವರೇ, ತೆಗೆಯುವ ಹುರುಪೂ ಅವರದೇ. ಉಳಿದ ಮೂರರಲ್ಲೂ ಯಾರಿಗೂ ಮುಟ್ಟಲು ಬಿಡಲಿಲ್ಲ. ನಾನು ಹಿಂದಿನಿಂದ ಒಂದೊಂದನ್ನೇ ರೀಸೆಟ್ ಮಾಡಿಕೊಂಡು ಬಂದೆ. ಗುಮಾಸ್ತರು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಆರೂ ಮಷೀನು ಒಂದೇ ಥರ ಸಾಲಾಗಿ ಬೆಳಗುತ್ತಿದ್ದವು. "ಮೇಲೆ ಬಲಗಡೆ ಒತ್ತಿ" ಎಂದೆ. ಆರೂ ಜನ ಬಲಗಡೆ ಒತ್ತಿದರು. ಎಲ್ಲರಿಗೂ ಒಂದೇ ಮೆನು ತೆರೆಯಿತು. ಅಂಥ ಸಣ್ಣ ವಿಷಯಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಸಂಜೆ ಬ್ಯಾಚಿನ ಹುಡುಗಿಯರಿಗೆ ಅತ್ತೆ ತಾವೇ ನಡೆದದ್ದು ಹೇಳಿ, ಮನೆಯಲ್ಲಿ ಮಾಡಿದ ಕರ್ಜಿಕಾಯಿ ಹಂಚಿದರು. ನನಗೆ ಮಾತ್ರ ಕೊಡಲು ಮರೆತರು.

ಒಂದೆರಡು ತಿಂಗಳಾದ ಮೇಲೆ ಅತ್ತೆಯನ್ನು ಬಿಟ್ಟುಬರಲು ನಾನೂ ನಮ್ಮ ಮನೆಯವರೂ ಜಗಳೂರಿಗೆ ಹೋದೆವು. ಊರಿಗೆ ಹೋಗುವ ಮೊದಲು ಮೈದುನನ ಅಂಗಡಿಯಲ್ಲಿ ಇಳಿದೆವು. ಮೋಟರಿನ ತಾಮ್ರದ ವೈರು, ಪೈಪಿನ ಮೊಣಕೈ, ಡಬ್ಬಿಗಳ ನಡುವೆ ಬಿಲ್ ಹಾಕುವ ಒಂದು ಕಂಪ್ಯೂಟರ್ ಇತ್ತು. ಅವನು ಅಮ್ಮನನ್ನು ಕಣ್ಣು ಹೇಗಿದೆ ಎಂದು ಕೇಳಿದ. ಅತ್ತೆಯ ಕಣ್ಣು ಕಂಪ್ಯೂಟರಿನ ಮೇಲಿತ್ತು. ನಿಧಾನವಾಗಿ ಕೌಂಟರಿನ ಒಳಗೆ ಹೋಗಿ, ಅವನ ಕುರ್ಚಿಯ ಪಕ್ಕ ಬಗ್ಗಿ, ಪರದೆಯನ್ನು ಮೇಲಿಂದ ಕೆಳಗೆ ಓದಿದರು.

"ಇದ್ರಾಗೆ ನಿಂಗೆ ಬ್ಯಾಡದ್ದು ಯಾವುದೈತೆ, ಹೇಳು" ಎಂದರು. "ಈಗ್ಲೇ ತೆಗೆದುಕೊಡ್ತೀನಿ."

ಮೈದುನ ನನ್ನ ಮುಖ ನೋಡಿದ, ಅಣ್ಣನ ಮುಖ ನೋಡಿದ, ಎರಡೂ ಕೈಯನ್ನು ಕೀಬೋರ್ಡಿನ ಮೇಲೆ ಅಡ್ಡ ಇಟ್ಟ. "ಬ್ಯಾಡವ್ವಾ, ಎಲ್ಲಾ ಬೇಕಾಗಿರೋವೇ!" ಎಂದ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಪಕ್ಕ ಸ್ಟೂಲು ಎಳೆದು ಕೂತರು.